ನಿಜ ಅಪರಾಧದ ಕಥೆಗಳನ್ನು ರಂಜನೆಗಾಗಿ ನೋಡಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಿಜವಾಗಿ ನಡೆದ ಕೊಲೆ, ಅಪಹರಣ, ವಂಚನೆಗಳನ್ನು ಆಧರಿಸಿದ ಟೀವಿ ಕಾರ್ಯಕ್ರಮ, ವೆಬ್ ಸರಣಿ, ಪಾಡ್‌ಕಾಸ್ಟ್‌ಗಳ ಕುರಿತು ಮಾತುಕತೆಗಳಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಬಹುಮಟ್ಟಿಗೆ ಕೇಳಿದವರ ಮಾತಿನಲ್ಲೇ ಇವೆ. ಸುಲಭವಾದವು ಮೊದಲು, ಬಿಡಿಸಲು ಕಷ್ಟವಾದವು ಕೊನೆಗೆ.

## ಆರಂಭದ ಪ್ರಶ್ನೆಗಳು

ರಾತ್ರಿ ಊಟ ಮಾಡುತ್ತಾ ಕೊಲೆ ಕೇಸಿನ ಕಾರ್ಯಕ್ರಮ ನೋಡುತ್ತೇನೆ. ನನ್ನ ಮನಸ್ಸಿನಲ್ಲೇ ಏನಾದರೂ ಕೆಟ್ಟದ್ದಿದೆಯೇ?

ಇಲ್ಲ. ಅಪಾಯದ ಸುದ್ದಿಗೆ ಕಿವಿಗೊಡುವುದು ಮನುಷ್ಯಸಹಜ, ಅದನ್ನೇ ದೋಷವೆಂದು ಬಗೆದರೆ ಬೆಳಗಿನ ಪತ್ರಿಕೆ ಓದುವುದೂ ದೋಷವಾಗುತ್ತದೆ. ಊಟದ ತಟ್ಟೆಯ ಬಗ್ಗೆ ನನಗೆ ತಕರಾರಿಲ್ಲ, ಯುದ್ಧದ ವಾರ್ತೆಯನ್ನೂ ನಾವು ಹಾಗೆಯೇ ನೋಡುತ್ತೇವೆ. ನೋಡುವವರ ಮನಸ್ಸನ್ನು ಪರೀಕ್ಷೆಗೆ ಒಡ್ಡುವುದಕ್ಕಿಂತ ಅವರ ಮುಂದಿಟ್ಟ ಕಾರ್ಯಕ್ರಮವನ್ನು ಪರೀಕ್ಷೆಗೆ ಒಡ್ಡುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಮುಂದಿನ ಉತ್ತರಗಳಲ್ಲಿ ನಾನು ಮಾಡಿರುವುದೂ ಅದನ್ನೇ.

ಇದೆಲ್ಲ ಓಟಿಟಿ ಬಂದ ಮೇಲೆ ಹತ್ತಿದ ಚಟವಲ್ಲವೇ? ನಮ್ಮ ಹಿರಿಯರಿಗೆ ಇದೆಲ್ಲಿತ್ತು?

ಇತ್ತು. 1857ರಲ್ಲಿ ಹಲಗಲಿಯ ಬೇಡರು ಬ್ರಿಟಿಷರ ನಿಶ್ಶಸ್ತ್ರೀಕರಣದ ವಿರುದ್ಧ ದಂಗೆಯೆದ್ದು ಸತ್ತದ್ದನ್ನು ಲಾವಣಿಕಾರರು ಊರೂರಿನಲ್ಲಿ ಹಾಡಿದರು, ಅದನ್ನು ಮುಂದೆ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿದ. ನಿಜವಾದ ಸಾವು, ನಿಜವಾದ ಹೆಸರು, ಸುತ್ತ ನೆರೆದ ಜನ, ಕೊನೆಯಲ್ಲಿ ಕೈಗೆ ಬರುವ ನಾಲ್ಕು ಕಾಸು ಎಲ್ಲವೂ ಅಲ್ಲಿದ್ದವು. ಆದರೆ ಆ ಲಾವಣಿ ಸತ್ತವರ ಕಡೆ ನಿಂತು ಹಾಡಿದ್ದು. ಸಂಜೆ ಪತ್ರಿಕೆಗಳು, ಕಪ್ಪುಬಿಳುಪಿನ ವಾರಪತ್ರಿಕೆಗಳು ಮತ್ತು ಅವುಗಳ ಬೆನ್ನಿಗೇ ಕನ್ನಡ ವಾಹಿನಿಗಳ ರಾತ್ರಿಯ ಕ್ರೈಂ ಕಾರ್ಯಕ್ರಮಗಳು ಬರುವ ಹೊತ್ತಿಗೆ ಹೇಳುವವನು ನಿಲ್ಲುವ ಜಾಗ ಬದಲಾಗಿತ್ತು: ಆತ ಕೆಲವೊಮ್ಮೆ ಪೊಲೀಸರ ಜೀಪಿನಲ್ಲಿ, ಕೆಲವೊಮ್ಮೆ ಕೊಂದವನ ಬೆನ್ನ ಹಿಂದೆ ಇರುತ್ತಿದ್ದ, ಸತ್ತವರ ಮನೆಯಲ್ಲಿ ಇರುತ್ತಿದ್ದದ್ದು ಅಪರೂಪ. ಓಟಿಟಿ ತಂದದ್ದು ಹೆಚ್ಚು ಹಣ, ಉತ್ತಮ ಛಾಯಾಗ್ರಹಣ ಮತ್ತು ಎಂದಿಗೂ ಅಳಿಯದ ಕಂತುಗಳು. ಈ ಕೊನೆಯದರ ಪರಿಣಾಮ ದೊಡ್ಡದು, ಅದನ್ನು ಕೊನೆಯ ಪ್ರಶ್ನೆಗೆ ಬಿಟ್ಟಿದ್ದೇನೆ.

ಪತ್ತೇದಾರಿ ಕಾದಂಬರಿಯ ಕೊಲೆಯನ್ನು ಸವಿಯಬಹುದಾದರೆ ನಿಜ ಕೊಲೆಯ ಕಥೆಯನ್ನು ಯಾಕೆ ಸವಿಯಬಾರದು?

ಕಾದಂಬರಿಕಾರನಿಗೆ ಕೊಲೆಗಾರ ಯಾರೆಂಬುದು ಮೊದಲೇ ತಿಳಿದಿರುತ್ತದೆ. ಎಲ್ಲ ಸುಳಿವುಗಳೂ ಕೊನೆಯ ಪುಟದಲ್ಲಿ ಕೂಡಿಕೊಳ್ಳುವಂತೆ ಅವನೇ ಅವುಗಳನ್ನು ಇಟ್ಟಿರುತ್ತಾನೆ, ಓದುಗನಿಗೆ ಸಿಗುವ ತೃಪ್ತಿ ಆ ಕೂಡಿಕೆಯದು. ನಿಜ ಪ್ರಕರಣದಲ್ಲಿ ಆ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಸಾಕ್ಷಿ ಕೆಡುತ್ತದೆ, ಮಹಜರು ಸರಿಯಾಗಿರುವುದಿಲ್ಲ, ಸಾಕ್ಷಿದಾರ ಪ್ರತಿಕೂಲನಾಗುತ್ತಾನೆ, ಕೆಲವು ಸಂಗತಿಗಳು ಯಾವುದಕ್ಕೂ ಹೊಂದಿಕೊಳ್ಳದೆ ಉಳಿಯುತ್ತವೆ. ಆದರೂ ನೋಡುವವರು ಕಾದಂಬರಿಯ ತೃಪ್ತಿಯನ್ನೇ ಬಯಸುತ್ತಾರೆ. ಅದನ್ನು ಒದಗಿಸಲು ಹೇಳುವವನು ಇಲ್ಲದ ಮುಕ್ತಾಯವೊಂದನ್ನು ಕಟ್ಟಿಕೊಡುತ್ತಾನೆ. ಈ ಪ್ರಕಾರದ ಹೆಚ್ಚಿನ ಹಾನಿ ಹುಟ್ಟುವುದು ಅಲ್ಲಿ, ರಕ್ತದ ದೃಶ್ಯಗಳಲ್ಲಿ ಹುಟ್ಟುವುದು ಕಡಿಮೆ.

2008ರ ಮೇ ತಿಂಗಳಲ್ಲಿ ನೋಯ್ಡಾದ ಮನೆಯೊಂದರಲ್ಲಿ ಹದಿಹರೆಯದ ಬಾಲಕಿ ಆರುಷಿ ಕೊಲೆಯಾದಾಗ ಮೊದಲು ಶಂಕೆ ಬಿದ್ದದ್ದು ಮನೆಕೆಲಸದ ಹೇಮರಾಜನ ಮೇಲೆ. ಮರುದಿನ ಅದೇ ಕಟ್ಟಡದ ತಾರಸಿಯಲ್ಲಿ ಅವನ ಶವವೇ ಸಿಕ್ಕಿತು. ಅಲ್ಲಿಂದ ಮುಂದೆ ವಾಹಿನಿಗಳು ಪ್ರತಿ ರಾತ್ರಿ ಹೊಸದೊಂದು ಕಥೆ ಹೆಣೆದವು, ಬಾಲಕಿಯ ನಡತೆಯನ್ನೂ ತಂದೆತಾಯಿಯ ದಾಂಪತ್ಯವನ್ನೂ ಬಿಡಲಿಲ್ಲ. 2013ರಲ್ಲಿ ತಂದೆತಾಯಿಗೆ ಜೀವಾವಧಿ ಶಿಕ್ಷೆಯಾಯಿತು, 2017ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಇಬ್ಬರನ್ನೂ ಖುಲಾಸೆಗೊಳಿಸಿತು. ಚೆಲ್ಲಾಪಿಲ್ಲಿಯಾಗಿದ್ದ ಸಂಗತಿಗಳಿಗೆ ವಿಚಾರಣಾ ನ್ಯಾಯಾಧೀಶರು ಚಿತ್ರ ನಿರ್ದೇಶಕರಂತೆ ಬಲವಂತವಾಗಿ ಹೊಂದಾಣಿಕೆ ತಂದಿದ್ದಾರೆ ಎಂದು ಆ ತೀರ್ಪಿನಲ್ಲಿ ಟೀಕಿಸಲಾಗಿದೆ. ನ್ಯಾಯಪೀಠದ ಮೇಲೆ ಕುಳಿತವರನ್ನೇ ಈ ಹಂಬಲ ಸೆಳೆಯಬಲ್ಲದು ಎಂದಾದರೆ, ಪ್ರತಿ ಕಂತಿನ ಕೊನೆಗೂ ಒಂದು ತಿರುವು ಕೊಡಲೇಬೇಕಾದ ಸಂಕಲನಕಾರ ಅದರಿಂದ ಪಾರಾಗುವುದು ಎಷ್ಟು ಕಷ್ಟವೆಂದು ಊಹಿಸಬಹುದು.

ನಾನು ಹೆಣ್ಣುಮಗಳು. ಎಚ್ಚರದಿಂದಿರುವುದನ್ನು ಕಲಿಯಲು ನೋಡುತ್ತೇನೆ. ಅದರಲ್ಲಿ ತಪ್ಪೇನಿದೆ?

ತಪ್ಪೇನೂ ಇಲ್ಲ, ಆದರೆ ಏನು ಕಲಿಸಲಾಗುತ್ತಿದೆ ಎಂಬುದನ್ನು ಗಮನಿಸಬೇಕು. ಕಾರ್ಯಕ್ರಮಗಳು ಅಪರಿಚಿತನನ್ನು, ಕತ್ತಲ ರಸ್ತೆಯನ್ನು ತೋರಿಸಿ ಹೆದರಿಸುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ವರದಿಗಳ ಪ್ರಕಾರವಾದರೋ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ ಆಗಿರುತ್ತಾನೆ: ನೆಂಟ, ನೆರೆಯವ, ಸ್ನೇಹಿತ, ಮದುವೆಯ ಮಾತು ಕೊಟ್ಟವ. ಹೀಗೆ ಕಲಿತ ಎಚ್ಚರ ಬಸ್ ನಿಲ್ದಾಣದಲ್ಲಿ ಜಾಸ್ತಿಯಾಗಿ, ಬೇಕಾದ ಕಡೆ ಕಡಿಮೆಯಾಗುವ ಸಂಭವವಿದೆ. ‘ಅವಳು ಹೋಗಬಾರದಿತ್ತು’, ‘ನಂಬಬಾರದಿತ್ತು’ ಎಂದು ನಿರೂಪಕರು ಹೇಳುವ ಪಾಠವಂತೂ ಎಚ್ಚರಿಕೆಯ ವೇಷದಲ್ಲಿ ಬರುವ ದೂಷಣೆ.

## ಸತ್ತವರು, ಕೊಂದವರು, ಅವರ ಸುತ್ತಲಿನವರು

ಕೊಲೆಗಾರನ ಅಡ್ಡಹೆಸರು ಎಲ್ಲರಿಗೂ ಗೊತ್ತು, ಸತ್ತವರ ಹೆಸರು ಒಬ್ಬರಿಗೂ ನೆನಪಿಲ್ಲ. ಇದನ್ನು ಸರಿಪಡಿಸುವುದು ಹೇಗೆ?

ಕರಾವಳಿಯವರಿಗೆ ‘ಸೈನೈಡ್ ಮೋಹನ್’ ಎಂದರೆ ಬೇರೆ ವಿವರಣೆ ಬೇಕಾಗಿಲ್ಲ. ಶಾಲಾ ಶಿಕ್ಷಕನಾಗಿದ್ದ ಈತ 2003ರಿಂದ 2009ರವರೆಗೆ 20 ಯುವತಿಯರನ್ನು ಕೊಂದ ಆರೋಪ ಎದುರಿಸಿದ, ಹಲವು ಪ್ರಕರಣಗಳಲ್ಲಿ ಶಿಕ್ಷೆಗೊಳಗಾದ. ಮದುವೆಯಾಗುವುದಾಗಿ ನಂಬಿಸಿ ದೂರದ ಊರಿಗೆ ಕರೆದೊಯ್ದು, ಗರ್ಭನಿರೋಧಕ ಮಾತ್ರೆಯೆಂದು ಹೇಳಿ ಸೈನೈಡ್ ಕೊಡುತ್ತಿದ್ದ. ಹೆಣಗಳು ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಸಿಗುತ್ತಿದ್ದವು. ಕಥೆ ಹೇಳುವವರೆಲ್ಲ ಮುಗಿಬೀಳುವುದು ಈ ವಿಧಾನದ ಮೇಲೆ, ಆ ಅಡ್ಡಹೆಸರು ಅದರದೇ ಫಲ.

ಇದೇ ಪ್ರಕರಣವನ್ನು ಸತ್ತವರ ಕಡೆಯಿಂದ ಹೇಳತೊಡಗಿದರೆ ಬೇರೆಯೇ ಚಿತ್ರ ತೆರೆದುಕೊಳ್ಳುತ್ತದೆ. ಅವರಲ್ಲಿ ಹೆಚ್ಚಿನವರು ಬಡ ಮನೆಗಳವರು, ವರದಕ್ಷಿಣೆ ಹೊಂದಿಸಲಾಗದೆ ಮದುವೆ ಮುಂದೆ ಹೋಗುತ್ತಿದ್ದವರು. ವರದಕ್ಷಿಣೆ ಕೇಳದ ಗಂಡು ಸಿಕ್ಕಿದನೆಂಬುದೇ ಅವರು ಹೊರಟುಹೋಗಲು ಸಾಕಾಯಿತು. ಮಗಳು ಯಾರೊಂದಿಗೋ ಓಡಿಹೋದಳು ಎಂದು ಮನೆಯವರೂ ಊರೂ ಪೊಲೀಸರೂ ಒಪ್ಪಿಕೊಂಡುಬಿಡುವುದು ಎಷ್ಟು ಸುಲಭವಾಗಿತ್ತೆಂದರೆ, ಬೇರೆ ಬೇರೆ ಜಿಲ್ಲೆಗಳಲ್ಲಿ ಒಂದೇ ಬಗೆಯಲ್ಲಿ ಸಿಗುತ್ತಿದ್ದ ಶವಗಳನ್ನು ಈ ನಾಪತ್ತೆಗಳೊಂದಿಗೆ ಜೋಡಿಸಿ ನೋಡಲು ವರ್ಷಗಳೇ ಹಿಡಿದವು. ಸೈನೈಡಿನ ಕಥೆಗಿಂತ ಈ ಕಥೆ ಹೆಚ್ಚು ಭಯಾನಕ ಎಂದು ನನಗೆ ತೋರುತ್ತದೆ, ಯಾಕೆಂದರೆ ಕೊಂದವನು ಸೆರೆಯಾದ ಮೇಲೂ ಇದರ ಪಾತ್ರಧಾರಿಗಳೆಲ್ಲ ಹೊರಗೇ ಇದ್ದಾರೆ.

ಹೆಸರು ಹೇಳುವುದೇ ಗೌರವ ಎಂಬ ವಾದ ಇಂಥ ಕಡೆ ನಿಲ್ಲುವುದಿಲ್ಲ. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತನ್ನು ಬಹಿರಂಗಪಡಿಸುವುದು ಹಿಂದೆ ಭಾರತೀಯ ದಂಡ ಸಂಹಿತೆಯ 228ಎ ಕಲಮಿನಡಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಆಕೆ ತೀರಿಕೊಂಡಿದ್ದರೂ ಈ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಹೆಸರು, ಊರು, ಮುಖ ಯಾವುದೂ ಇಲ್ಲದೆ ಒಬ್ಬಳ ಬದುಕನ್ನು ಹೇಳಲು ಸಾಧ್ಯವಿದೆ: ಆಕೆಯ ದುಡಿಮೆ, ಮನೆಯ ಪರಿಸ್ಥಿತಿ, ಆಕೆ ಕಾಣೆಯಾದಾಗ ಯಾರು ಹುಡುಕಿದರು, ಯಾರು ಹುಡುಕಲಿಲ್ಲ. ಅದಕ್ಕೆ ಹೆಚ್ಚು ಓಡಾಟ ಬೇಕು. ಹೆಚ್ಚಿನವರು ಮಾಡದಿರುವುದಕ್ಕೆ ಕಾರಣವೂ ಅದೇ.

ಸತ್ತವರಿಗಂತೂ ನೋವಿಲ್ಲ. ಎಲ್ಲ ದಾಖಲೆಯಲ್ಲಿರುವಾಗ ಮನೆಯವರ ಒಪ್ಪಿಗೆ ಯಾಕೆ ಬೇಕು?

ಕಾನೂನಿನ ಮಟ್ಟಿಗೆ ನೀವು ಹೇಳಿದ್ದು ಹೆಚ್ಚು ಕಡಿಮೆ ಸರಿ. ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಚಿತ್ರವೊಂದರ ವಿರುದ್ಧ ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ, ಖಾಸಗಿತನದ ಹಕ್ಕು ವ್ಯಕ್ತಿಯೊಂದಿಗೇ ಕೊನೆಯಾಗುತ್ತದೆ, ವಾರಸುದಾರರಿಗೆ ಸಲ್ಲುವುದಿಲ್ಲ ಎಂದಿತು. ಆದರೆ ಕಾನೂನು ತಡೆಯದ್ದೆಲ್ಲ ಮಾಡತಕ್ಕದ್ದು ಎಂದಾಗುವುದಿಲ್ಲ. 2022ರಲ್ಲಿ ಅಮೆರಿಕದ ಸರಣಿ ಹಂತಕ ಜೆಫ್ರಿ ಡಾಮರ್‌ನ ಕುರಿತು ನೆಟ್‌ಫ್ಲಿಕ್ಸ್ ಸರಣಿ ಬಂದಾಗ, ಕೊಲೆಯಾದ ಯುವಕನೊಬ್ಬನ ಅಕ್ಕ ನ್ಯಾಯಾಲಯದಲ್ಲಿ ದುಃಖ ತಡೆಯಲಾಗದೆ ಆಡಿದ ಮಾತುಗಳನ್ನು ನಟಿಯೊಬ್ಬರಿಂದ ಅದೇ ಬಗೆಯ ಉಡುಪಿನಲ್ಲಿ ಆಡಿಸಲಾಯಿತು. ತನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ ಎಂದು ಆಕೆ ಹೇಳಿಕೊಂಡರು. ದಾಖಲೆ ಸಾರ್ವಜನಿಕವಾದದ್ದು ನಿಜ, ಆದರೆ ಆ ಗಳಿಗೆ ಆಕೆಯದು.

ಮನೆಯವರಿಗೆ ತಡೆಯುವ ಅಧಿಕಾರ ಕೊಡಬೇಕೆಂದು ನಾನು ವಾದಿಸುವುದಿಲ್ಲ. ಮನೆಯೊಳಗೇ ನಡೆದ ಕೊಲೆಗಳಲ್ಲಿ, ಮರ್ಯಾದೆಗೇಡು ಹತ್ಯೆಗಳಲ್ಲಿ ಹಾಗೆ ಮಾಡಿದರೆ ಕೊಂದವರ ಕೈಗೇ ಕೀಲಿಕೈ ಕೊಟ್ಟಂತಾಗುತ್ತದೆ. ಮುಂಚಿತವಾಗಿ ತಿಳಿಸುವುದು, ಮಾತಿಗೆ ಅವಕಾಶ ಕೊಡುವುದು, ಪ್ರಸಾರದ ದಿನವನ್ನು ಹೇಳುವುದು ಅಧಿಕಾರ ಕೊಡುವುದಕ್ಕಿಂತ ತೀರ ಚಿಕ್ಕ ಸೌಜನ್ಯಗಳು. ಅವನ್ನೂ ಮಾಡದಿರಲು ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಕೊಲೆಗಾರನನ್ನು ಹೀರೋ ಮಾಡುತ್ತಾರೆ ಎಂದು ದೂರುತ್ತೀರಿ. ರಾಕ್ಷಸನೆಂದೇ ತೋರಿಸಿದರೆ ಸರಿಹೋಯಿತಲ್ಲ?

ರಾಕ್ಷಸನೆಂದು ತೋರಿಸುವುದು ನೋಡುವವರಿಗೆ ಇನ್ನೂ ಹೆಚ್ಚು ಸುಖ ಕೊಡುತ್ತದೆ, ಯಾಕೆಂದರೆ ಅವನಿಗೂ ತಮಗೂ ಸಂಬಂಧವಿಲ್ಲ ಎಂಬ ನೆಮ್ಮದಿ ಜೊತೆಗೆ ಸಿಗುತ್ತದೆ. ರಾಕ್ಷಸನಿದ್ದಲ್ಲಿ ದಾಖಲಾಗದ ದೂರುಗಳ ಬಗ್ಗೆ, ತಡವಾಗಿ ಬಂದ ಪೊಲೀಸರ ಬಗ್ಗೆ ಕೇಳುವ ಅಗತ್ಯ ಬೀಳುವುದಿಲ್ಲ. ಕಳಂಕವೂ ಅವನೊಬ್ಬನಲ್ಲಿ ನಿಲ್ಲದೆ ಸುತ್ತಲಿನವರಿಗೆ ಹರಡುತ್ತದೆ. ಹೊಸಕೋಟೆ ಬಳಿಯ ದಂಡುಪಾಳ್ಯ ಒಂದು ಊರು. ದರೋಡೆಕೋರರ ಗುಂಪೊಂದಕ್ಕೆ ಆ ಊರಿನ ಹೆಸರು ಅಂಟಿತು, 2012ರಲ್ಲಿ ಅದೇ ಹೆಸರಿನ ಚಿತ್ರ ಗೆದ್ದಿತು, ಮುಂದಿನ ಭಾಗಗಳೂ ಬಂದವು. ಆ ಊರಿನ ವಿಳಾಸ ಬರೆಯಬೇಕಾದ ವಿದ್ಯಾರ್ಥಿಯಾಗಲಿ, ಕೆಲಸ ಹುಡುಕುವವನಾಗಲಿ ಯಾವ ಅಪರಾಧವನ್ನೂ ಮಾಡಿರಲಿಲ್ಲ.

ರಾಕ್ಷಸನಿಗೆ ಕಾನೂನು ಬೇಡ ಎಂಬ ಭಾವನೆಯನ್ನೂ ಈ ಚಿತ್ರಣ ಬೆಳೆಸುತ್ತದೆ. ಅತ್ಯಾಚಾರ ಮತ್ತು ಕೊಲೆಯ ಅಪರಾಧಿ ಉಮೇಶ್ ರೆಡ್ಡಿಯ ಮರಣದಂಡನೆಯನ್ನು ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಕನಿಷ್ಠ 30 ವರ್ಷಗಳ ಜೀವಾವಧಿಗೆ ಇಳಿಸಿತು. ಆತನನ್ನು ಬೆಳಗಾವಿ ಜೈಲಿನಲ್ಲಿ ವರ್ಷಗಟ್ಟಲೆ ಕಾನೂನಿಗೆ ವಿರುದ್ಧವಾಗಿ ಏಕಾಂತ ಸೆರೆಯಲ್ಲಿ ಇಟ್ಟಿದ್ದು ಅದಕ್ಕೆ ಕಾರಣ. ಈ ತೀರ್ಪಿನಿಂದ ಸಿಟ್ಟಾಗುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಜೈಲಿನ ಅಧಿಕಾರಿಗಳು ಕಾನೂನು ಮೀರಿದ್ದು ಆತನ ಕಥೆಯ ಭಾಗವೇ. ಅದನ್ನು ಬಿಟ್ಟು ಹೇಳಿದ ಕಥೆ ಅರ್ಧ ಕಥೆ.

ಶಿಕ್ಷೆಗೊಳಗಾದವನಿಗೇ ಕ್ಯಾಮೆರಾದ ಮುಂದೆ ಮಾತನಾಡಲು ಬಿಡುವುದು ಸರಿಯೇ?

ಬೆಂಗಳೂರಿನ ರಿಚ್ಮಂಡ್ ರಸ್ತೆಯ ಮನೆಯಂಗಳದಲ್ಲಿ 1994ರಲ್ಲಿ ಪತ್ತೆಯಾದ ಶವದ ಪ್ರಕರಣ ನಿಮಗೆ ಗೊತ್ತಿರಬಹುದು. 1991ರಲ್ಲಿ ಪತ್ನಿಯನ್ನು ಕೊಂದ ಶ್ರದ್ಧಾನಂದನಿಗೆ ಸುಪ್ರೀಂ ಕೋರ್ಟ್ 2008ರಲ್ಲಿ ಬದುಕಿರುವವರೆಗೂ ಬಿಡುಗಡೆಯಿಲ್ಲದ ಜೀವಾವಧಿ ವಿಧಿಸಿತು. 2023ರಲ್ಲಿ ಬಂದ ಸಾಕ್ಷ್ಯಚಿತ್ರ ಸರಣಿಯಲ್ಲಿ ಆತನೂ ಮಾತನಾಡಿದ್ದಾನೆ. ಕೊಂದವನು ತನ್ನ ಪ್ರೇಮದ ಕುರಿತು ಹೇಳುವಾಗ, ಅದಕ್ಕೆ ಎದುರಾಡಬಲ್ಲ ಒಬ್ಬಳೇ ಒಬ್ಬಳು ಇಲ್ಲ. ಈ ಅಸಮತೆಯನ್ನು ಯಾವ ಸಂಕಲನವೂ ಪೂರ್ತಿ ತುಂಬಲಾರದು.

ಆದರೂ ನಿಷೇಧಕ್ಕೆ ನನ್ನ ಒಪ್ಪಿಗೆಯಿಲ್ಲ. ಗಲ್ಲು ಶಿಕ್ಷೆಗೊಳಗಾಗಿದ್ದ ಆಟೋ ಶಂಕರ್ ಬರೆದ ಆತ್ಮಕಥೆಯನ್ನು ತಮಿಳು ವಾರಪತ್ರಿಕೆಯೊಂದು ಪ್ರಕಟಿಸ ಹೊರಟಾಗ ಅಡ್ಡ ಬಂದವರು ಜೈಲಿನ ಅಧಿಕಾರಿಗಳು, ಯಾಕೆಂದರೆ ಆತನೊಂದಿಗೆ ಪೊಲೀಸರಿಗೂ ಅಧಿಕಾರಿಗಳಿಗೂ ಇದ್ದ ನಂಟು ಅದರಲ್ಲಿ ಹೊರಬೀಳುವುದಿತ್ತು. ಸಾರ್ವಜನಿಕ ದಾಖಲೆಯಲ್ಲಿರುವಷ್ಟನ್ನು ಪ್ರಕಟಿಸಲು ಯಾರ ಒಪ್ಪಿಗೆಯೂ ಬೇಡ ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರ ಗುರುತಿಗೆ ಮಾತ್ರ ವಿನಾಯಿತಿ ಇಟ್ಟಿತು. ಅಪರಾಧಿಯ ಬಾಯಿಂದ ಅಧಿಕಾರಸ್ಥರ ಗುಟ್ಟು ಹೊರಬರುವುದಾದರೆ ಕೇಳಬೇಕು. ತನ್ನ ಅಂತರಂಗದ ವರ್ಣನೆಯನ್ನಷ್ಟೇ ಆತ ಮಾಡುವುದಾದರೆ, ಹೇಳಿದ್ದನ್ನು ಅಲ್ಲಿಯೇ ದಾಖಲೆಯೊಂದಿಗೆ ಒರೆಗೆ ಹಚ್ಚದ ಕಾರ್ಯಕ್ರಮ ಅವನ ವಕೀಲಿಕೆ ಮಾಡಿದಂತೆ.

## ನ್ಯಾಯಾಲಯ, ಹಣ, ನಮ್ಮದೇ ಪತ್ತೇದಾರಿಕೆ

ವಿಚಾರಣೆ ನಡೆಯುತ್ತಿರುವ ಕೇಸಿನ ಕಾರ್ಯಕ್ರಮ ನೋಡಬಹುದೇ?

ವರದಿ ನೋಡಿ, ಮರುಸೃಷ್ಟಿ ನೋಡಬೇಡಿ ಎಂಬುದು ನಾನು ಪಾಲಿಸುವ ನಿಯಮ. ತನಿಖೆಯ ಹಂತದಲ್ಲಿ ಕೊಲೆಯ ದೃಶ್ಯವನ್ನು ನಟರಿಂದ ಮಾಡಿಸಿ, ಆರೋಪಿ ಹೀಗೆಯೇ ಮಾಡಿದ ಎಂದು ತೋರಿಸುವುದನ್ನು ಬಾಂಬೆ ಹೈಕೋರ್ಟ್ 2021ರ ಜನವರಿಯ ತೀರ್ಪಿನಲ್ಲಿ ಮಾಧ್ಯಮಗಳು ಮಾಡಬಾರದ ಕೆಲಸಗಳ ಸಾಲಿಗೆ ಸೇರಿಸಿದೆ. 2024ರಲ್ಲಿ ನಟ ದರ್ಶನ್ ಆರೋಪಿಯಾಗಿರುವ ಕೊಲೆ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ದೋಷಾರೋಪ ಪಟ್ಟಿಯ ಗೋಪ್ಯ ವಿವರಗಳನ್ನು ಪ್ರಸಾರ ಮಾಡದಂತೆ ಮಾಧ್ಯಮಗಳನ್ನು ತಡೆಯಬೇಕಾಯಿತು. ಆ ತಿಂಗಳುಗಳಲ್ಲಿ ನಾಡಿನ ಜನ ಅಭಿಮಾನಿಗಳು, ವಿರೋಧಿಗಳು ಎಂದು ಎರಡು ಪಾಳೆಯವಾಗಿ, ಸತ್ತವನ ನಡತೆಯ ಕುರಿತು ಚರ್ಚಿಸುವುದನ್ನೇ ವಿಚಾರಣೆ ಎಂದುಕೊಂಡದ್ದು ನೆನಪಿರಬಹುದು. ಆ ಯುವಕ ಮಾಡಿದನೆಂದು ಹೇಳಲಾದದ್ದು ಏನೇ ಇರಲಿ, ಅದಕ್ಕೆ ದೂರು ಕೊಡಲು ಪೊಲೀಸ್ ಠಾಣೆ ಇತ್ತು.

ಪಾಡ್‌ಕಾಸ್ಟ್‌ಗಳಿಂದಲೇ ನಿರಪರಾಧಿಗಳು ಹೊರಬಂದಿಲ್ಲವೇ? ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಿಡಿಯಲೇಬೇಕು. ಪ್ರಭುತ್ವ ಮುಚ್ಚಿದ ಕಡತವನ್ನು ಮತ್ತೆ ತೆರೆಸಿದ ಪತ್ರಕರ್ತರಿಗೆ ನಾವೆಲ್ಲ ಋಣಿಗಳು. ಆದರೆ ಎಲ್ಲರೂ ಉದಾಹರಿಸುವ ಪ್ರಕರಣವೇ ಎಷ್ಟು ತೊಡಕಿನದು ನೋಡಿ. 1999ರಲ್ಲಿ ಬಾಲ್ಟಿಮೋರ್‌ನಲ್ಲಿ ವಿದ್ಯಾರ್ಥಿನಿಯೊಬ್ಬಳು ಕೊಲೆಯಾದಳು. ಶಿಕ್ಷೆಗೊಳಗಾದ ಅದ್ನಾನ್ ಸೈಯದ್‌ನ ಕುರಿತ ಪಾಡ್‌ಕಾಸ್ಟ್ 2014ರಲ್ಲಿ ಜಗತ್ತಿನಾದ್ಯಂತ ಕೇಳುಗರನ್ನು ಗಳಿಸಿತು. 2022ರಲ್ಲಿ ಶಿಕ್ಷೆ ರದ್ದಾಗಿ ಆತ ಹೊರಬಂದ. 2023ರಲ್ಲಿ ಮೇಲ್ಮನವಿ ನ್ಯಾಯಾಲಯ, ಸತ್ತ ಹುಡುಗಿಯ ತಮ್ಮನಿಗೆ ವಿಚಾರಣೆಯ ಮುನ್ಸೂಚನೆಯನ್ನು ಸರಿಯಾಗಿ ಕೊಡಲಿಲ್ಲವೆಂದು ಆ ಆದೇಶವನ್ನೇ ತಳ್ಳಿಹಾಕಿತು, 2024ರಲ್ಲಿ ಮೇರಿಲ್ಯಾಂಡಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಆತನ ಶಿಕ್ಷೆಯ ಅವಧಿಯನ್ನು ಕಳೆದಷ್ಟಕ್ಕೆ ಇಳಿಸಲಾಯಿತು. ದೋಷಿಯೆಂಬ ತೀರ್ಪು ಉಳಿದಿದೆ, ಆತ ಹೊರಗಿದ್ದಾನೆ.

ಕೇಳುಗರಲ್ಲಿ ಹೆಚ್ಚಿನವರು 2022ರ ಬಿಡುಗಡೆಯ ದೃಶ್ಯವನ್ನು ಅಂತ್ಯವೆಂದು ನೆನಪಿಟ್ಟುಕೊಂಡಿದ್ದಾರೆ. ಅಲ್ಲಿಗೆ ನಿಲ್ಲಿಸಿದರೆ ಕಥೆಗೆ ಒಳ್ಳೆಯ ಆಕಾರ ಬರುತ್ತದೆ, ತಮ್ಮನ ಅಹವಾಲು ಆ ಆಕಾರದೊಳಗೆ ಹಿಡಿಸುವುದಿಲ್ಲ.

ಗ್ರೂಪಿನಲ್ಲಿ ನಾವೇ ಸುಳಿವು ಹುಡುಕಿ ಚರ್ಚಿಸುತ್ತೇವೆ. ಯಾರಿಗೂ ತೊಂದರೆ ಕೊಡುವುದಿಲ್ಲ. ಇದೂ ತಪ್ಪೇ?

ನಿಮ್ಮ ಊಹೆಯಲ್ಲಿ ಜೀವಂತ ವ್ಯಕ್ತಿಯೊಬ್ಬರ ಹೆಸರು ಬಂದ ಕ್ಷಣದಿಂದ ತೊಂದರೆ ಆರಂಭವಾಗುತ್ತದೆ. 2022ರ ನವೆಂಬರ್‌ನಲ್ಲಿ ಅಮೆರಿಕದ ಐಡಹೊದಲ್ಲಿ ನಾಲ್ವರು ವಿದ್ಯಾರ್ಥಿಗಳು ಕೊಲೆಯಾದಾಗ, ಯಾವ ಸಂಬಂಧವೂ ಇಲ್ಲದ ಪ್ರಾಧ್ಯಾಪಕಿಯೊಬ್ಬರನ್ನು ಟಿಕ್‌ಟಾಕ್‌ನಲ್ಲಿ ಒಬ್ಬಾಕೆ ಕೊಲೆಗಾತಿಯೆಂದು ಸಾರಿದಳು. ಪ್ರಾಧ್ಯಾಪಕಿ ಮಾನನಷ್ಟ ಮೊಕದ್ದಮೆಯಲ್ಲಿ ಗೆದ್ದರು, ಕೊಲೆ ಮಾಡಿದ್ದಾಗಿ ಬೇರೊಬ್ಬ 2025ರಲ್ಲಿ ತಪ್ಪೊಪ್ಪಿಕೊಂಡ. ನಮ್ಮಲ್ಲಿ 2020ರಲ್ಲಿ ಸುಶಾಂತ್ ಸಿಂಗ್ ರಜಪೂತ್ ಸಾವಿನ ಬಳಿಕ ನಟಿ ರಿಯಾ ಚಕ್ರವರ್ತಿಯವರ ವಿಷಯದಲ್ಲಿ ಈ ಕೆಲಸವನ್ನು ಗ್ರೂಪುಗಳೂ ವಾಹಿನಿಗಳೂ ಕೈಜೋಡಿಸಿ ಮಾಡಿದವು. 2025ರ ಮಾರ್ಚ್‌ನಲ್ಲಿ ಸಿಬಿಐ ಮುಕ್ತಾಯ ವರದಿ ಸಲ್ಲಿಸಿದಾಗ ಅಂದು ಕೂಗಿದವರಲ್ಲಿ ಎಷ್ಟು ಜನ ಅದನ್ನು ಹಂಚಿಕೊಂಡರು? ಹಳೆಯ, ತೀರ್ಪಾದ ಪ್ರಕರಣದ ತೀರ್ಪನ್ನೇ ಓದಿ ಚರ್ಚಿಸುವುದಾದರೆ ನನ್ನ ಆಕ್ಷೇಪವಿಲ್ಲ. ನಮ್ಮ ನ್ಯಾಯಾಲಯಗಳ ತೀರ್ಪುಗಳು ಯಾರಿಗಾದರೂ ಸಿಗುತ್ತವೆ, ಹಲವು ಸರಣಿಗಳಿಗಿಂತ ಅವು ಚೆನ್ನಾಗಿ ಓದಿಸಿಕೊಳ್ಳುತ್ತವೆ.

ಈ ಹಣವೆಲ್ಲ ಯಾರಿಗೆ ಹೋಗುತ್ತದೆ?

ನಿರ್ಮಾಪಕರಿಗೆ, ವೇದಿಕೆಗೆ, ಜಾಹೀರಾತುದಾರರಿಗೆ. ಅಪರಾಧಿ ತನ್ನ ಕಥೆ ಮಾರಿ ಲಾಭ ಮಾಡದಂತೆ ನ್ಯೂಯಾರ್ಕ್ 1977ರಲ್ಲಿ ಕಾಯ್ದೆ ಮಾಡಿತ್ತು, ಅಮೆರಿಕದ ಸುಪ್ರೀಂ ಕೋರ್ಟ್ ಅಭಿವ್ಯಕ್ತಿ ಸ್ವಾತಂತ್ರ್ಯದ ನೆಲೆಯಲ್ಲಿ 1991ರಲ್ಲಿ ಅದನ್ನು ರದ್ದುಪಡಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ: ಎಲ್ಲರ ಕಣ್ಣೂ ಅಪರಾಧಿಯ ಗಳಿಕೆಯ ಮೇಲೆ ಇರುತ್ತದೆ, ಅವನಿಗಿಂತ ಎಷ್ಟೋ ಪಟ್ಟು ಹೆಚ್ಚು ಗಳಿಸುವ ಮೂರನೆಯವರ ಮೇಲೆ ಇರುವುದಿಲ್ಲ.

ಆರೋಪಿ ಖುಲಾಸೆಯಾದ ಮೇಲೆ ಹಳೆಯ ಕಂತುಗಳನ್ನು ಏನು ಮಾಡಬೇಕು?

ಇದು ನನಗೆ ಎಲ್ಲಕ್ಕಿಂತ ಕಠಿಣವೆನಿಸಿದ ಪ್ರಶ್ನೆ. 2006ರ ಡಿಸೆಂಬರ್‌ನಲ್ಲಿ ನೋಯ್ಡಾದ ನಿಠಾರಿಯಲ್ಲಿ ಮಕ್ಕಳ ಅಸ್ಥಿಗಳು ಸಿಕ್ಕವು. ಮುಂದಿನ ವರ್ಷಗಳಲ್ಲಿ ಆ ಮನೆಯ ಒಡೆಯ ಮತ್ತು ಕೆಲಸದವನ ಕುರಿತು ಲೆಕ್ಕವಿಲ್ಲದಷ್ಟು ಕಾರ್ಯಕ್ರಮಗಳು ಬಂದವು, ಎಲ್ಲವೂ ಪ್ರಶ್ನೆ ಬಗೆಹರಿದಿದೆ ಎಂಬ ಧಾಟಿಯಲ್ಲಿ. 2023ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ತನಿಖೆಯನ್ನು ಕಟುವಾಗಿ ಟೀಕಿಸಿ, ಕೆಲಸದವನನ್ನು 12 ಪ್ರಕರಣಗಳಲ್ಲಿ, ಒಡೆಯನನ್ನು ಎರಡರಲ್ಲಿ ಖುಲಾಸೆಗೊಳಿಸಿತು. ಉಳಿದಿದ್ದ ಒಂದು ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಕೆಲಸದವನನ್ನು ಬಿಡುಗಡೆ ಮಾಡಿತು. ಈಗ ಮಕ್ಕಳ ಸಾವಿಗೆ ಕಾನೂನಿನ ಕಣ್ಣಿನಲ್ಲಿ ಹೊಣೆಗಾರರಿಲ್ಲ. ಹಳೆಯ ಕಂತುಗಳು ಮಾತ್ರ ‘ನರಭಕ್ಷಕ’ ಎಂಬ ಶೀರ್ಷಿಕೆ ಹೊತ್ತು ಹಾಗೆಯೇ ಇವೆ, ಪ್ರತಿದಿನ ಹೊಸ ವೀಕ್ಷಕರನ್ನು ಗಳಿಸುತ್ತಲೂ ಇವೆ.

ಅಳಿಸಿಹಾಕಿ ಎಂದು ಹೇಳಿಬಿಡುವುದು ಸುಲಭ. ವೈವಾಹಿಕ ವ್ಯಾಜ್ಯವೊಂದರಲ್ಲಿ ಮಹಿಳೆಯೊಬ್ಬರ ಹೆಸರನ್ನು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ಮಾಡಲು ಕರ್ನಾಟಕ ಹೈಕೋರ್ಟ್ 2017ರ ಜನವರಿಯಲ್ಲೇ ಸೂಚಿಸಿ, ಮರೆಯಲ್ಪಡುವ ಹಕ್ಕಿನ ದಾರಿಯನ್ನು ತೋರಿಸಿದೆ. ಆದರೆ ನಿಠಾರಿಯಂಥ ಪ್ರಕರಣದಲ್ಲಿ ಎಲ್ಲವನ್ನೂ ಅಳಿಸಿದರೆ, ತಪ್ಪು ತನಿಖೆಗೆ ಮಾಧ್ಯಮ ಹೇಗೆ ತಾಳ ಹಾಕಿತು ಎಂಬ ಪುರಾವೆಯೂ ಅಳಿದುಹೋಗುತ್ತದೆ. ಹಾಗಾಗಿ ಕಂತು ಇರಲಿ, ಆದರೆ ಶೀರ್ಷಿಕೆ ಬದಲಾಗಲಿ, ಆರಂಭದಲ್ಲೇ ಖುಲಾಸೆಯ ದಿನಾಂಕ ಮತ್ತು ನ್ಯಾಯಾಲಯದ ಹೆಸರು ಬರಲಿ, ಅದರ ಮೇಲಿನ ಜಾಹೀರಾತು ನಿಲ್ಲಲಿ ಎನ್ನುತ್ತೇನೆ. ನೋಡುವವರು ಮಾಡಬಹುದಾದ ಕೆಲಸವೂ ಒಂದಿದೆ: ಹಳೆಯ ಪ್ರಕರಣದ ಕಂತನ್ನು ಯಾರಿಗಾದರೂ ಕಳುಹಿಸುವ ಮುನ್ನ ಮೇಲ್ಮನವಿ ಏನಾಯಿತೆಂದು ಹುಡುಕಿ ನೋಡುವುದು. ಅದಕ್ಕೆ ಹಿಡಿಯುವುದು ಎರಡು ನಿಮಿಷ, ಖುಲಾಸೆಯ ಸುದ್ದಿ ಸಿಕ್ಕರೆ ಕಂತಿನೊಂದಿಗೆ ಅದನ್ನೂ ಕಳುಹಿಸಿ.